ಹಾಲುಜ್ವರದಲ್ಲಿ ಜ್ವರ ಇರುವುದಿಲ್ಲ

ಚನ್ನರಾಯಪಟ್ಟಣ ತಾಲ್ಲೂಕಿನ ಆ ಹೋಬಳಿ ಊರಿನಲ್ಲಿ ಬಸ್ಸಿಳಿದಾಗ ಪಶು ಚಿಕಿತ್ಸಾಲಯದ ದಾರಿ ಕೇಳುವ ಪ್ರಮೇಯವೇ ಬರಲಿಲ್ಲ. ಮಧ್ಯವಯಸ್ಸಿನ ಹೆಂಗಸೊಬ್ಬರು ಕಪ್ಪುಬಿಳಿ ಮಚ್ಚೆಯ ಸೀಮೆಹಸುವನ್ನು ಹಗ್ಗ ಹಿಡಿದು ನಡೆಸಿಕೊಂಡು ಹೋಗುತ್ತಿದ್ದರು. ಹಸು ಹತ್ತು ಹೆಜ್ಜೆಗೊಮ್ಮೆ ನಿಂತುಬಿಡುತ್ತಿತ್ತು. ಅವರು ಗದರದೆ, ಎಳೆಯದೆ, ಅದರ ಜೊತೆಗೆ ತಾವೂ ನಿಲ್ಲುತ್ತಿದ್ದರು. ನಾನು ಹಿಂದೆ ಹಿಂದೆ ನಡೆದೆ. ರೋಹಿಣಿ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ತೆಂಗಿನ ತೋಟಗಳ ಬದುಗಳ ಮೇಲೆ ಗರಿಕೆ ಆಗಲೇ ಚಿಗುರಿತ್ತು.

ಜನರ ಬಾಯಲ್ಲಿ ಅದು ದನದಾಸ್ಪತ್ರೆ. ಎರಡು ಕೋಣೆ, ಒಂದು ಜಗಲಿ, ಅಂಗಳದಲ್ಲಿ ಹೊಂಗೆ ಮರ. ಮರದ ಪಕ್ಕ ಕಬ್ಬಿಣದ ಕೊಳವೆಗಳ ಚೌಕಟ್ಟು. ದನವನ್ನು ಅಲುಗಾಡದಂತೆ ನಿಲ್ಲಿಸಿ ಪರೀಕ್ಷೆ ಮಾಡುವ ಜಾಗ ಅದು, ಎಲ್ಲರೂ ಟ್ರೆವಿಸ್ ಅಂತಲೇ ಅನ್ನುತ್ತಾರೆ. ಕೊರಳು ತಾಗುವ ಅಡ್ಡಕೊಳವೆಯ ಬಣ್ಣ ಪೂರ್ತಿ ಹೋಗಿತ್ತು. ವರ್ಷಗಟ್ಟಲೆ ಕೊರಳುಗಳು ಉಜ್ಜಿ ಉಜ್ಜಿ ಕಬ್ಬಿಣ ನುಣ್ಣಗಾಗಿ ಹೊಳೆಯುತ್ತಿತ್ತು.

ನಾನು ಅಲ್ಲಿಗೆ ಹೋದದ್ದು ಮಾತು ಕೇಳಲಿಕ್ಕೆ. ದನ ಸಾಕುವವರು ರೋಗಕ್ಕೆ ಏನೆನ್ನುತ್ತಾರೆ, ಡಾಕ್ಟರು ಏನೆನ್ನುತ್ತಾರೆ, ಇಬ್ಬರ ನಡುವೆ ಯಾವ ಮಾತು ದಾಟುತ್ತದೆ, ಯಾವುದು ಜಗಲಿಯಲ್ಲೇ ಬಿದ್ದುಹೋಗುತ್ತದೆ ಎಂದು ನೋಡಬೇಕಿತ್ತು. ಇದಕ್ಕೊಂದು ಹಳೆಯ ಕಾರಣವಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಡಾಕ್ಟರು ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಊರಿಗೆಲ್ಲ ಡಾಕ್ಟ್ರಮ್ಮ. ದಾರಿಯಲ್ಲಿ ಕಂಡ ಹಸುವೇ ಮೊದಲು ಟ್ರೆವಿಸ್ ಸೇರಿತು.

"ಏನಮ್ಮಾ, ಏನಾಯ್ತು?"

"ನಿನ್ನೆ ರಾತ್ರಿಯಿಂದ ಮೇವು ಮುಟ್ಟಿಲ್ಲ ಡಾಕ್ಟ್ರಮ್ಮ. ಮೆಲುಕೂ ಹಾಕ್ತಿಲ್ಲ."

ಮೆಲುಕು ಹಾಕುತ್ತಿಲ್ಲ ಎಂಬ ಈ ಒಂದು ಮಾತಿಗೆ ಎಷ್ಟು ತೂಕವಿದೆಯೆಂದು ಡಾಕ್ಟರ ಮುಖ ನೋಡಿದಾಗ ತಿಳಿಯಿತು. ಆರೋಗ್ಯವಾದ ಹಸು ದಿನಕ್ಕೆ ಆರರಿಂದ ಎಂಟು ಗಂಟೆ ಮೆಲುಕು ಹಾಕುತ್ತದೆ. ನೂರು ಲೀಟರಿಗೂ ಹೆಚ್ಚು ಜೊಲ್ಲು ಸುರಿಸಿ ನುಂಗುತ್ತದೆ. ಆ ಜೊಲ್ಲೇ ಹೊಟ್ಟೆಯ ಹುಳಿಯನ್ನು ಹದದಲ್ಲಿಡುವ ಮದ್ದು. ಮೆಲುಕು ನಿಂತಿತೆಂದರೆ ಒಳಗಿನ ಇಡೀ ಕಾರ್ಖಾನೆ ನಿಂತಂತೆ. ಕೊಟ್ಟಿಗೆಯವರು ಥರ್ಮಾಮೀಟರ್ ಇಲ್ಲದೆಯೇ ಇದನ್ನು ಕಂಡುಹಿಡಿದು ಬಂದು ಹೇಳುತ್ತಾರೆ.

ಡಾಕ್ಟರು ಹಸುವಿನ ಎಡಪಕ್ಕೆಯ ಹಿಂದಿನ ಗುಳಿಗೆ ಮುಷ್ಟಿ ಒತ್ತಿ ಸುಮ್ಮನೆ ನಿಂತರು. ಆಮೇಲೆ ನನ್ನ ಕೈಯನ್ನೂ ಅಲ್ಲೇ ಇಡಿಸಿದರು. ದೊಡ್ಡ ಹೊಟ್ಟೆ ಎರಡು ನಿಮಿಷಕ್ಕೆ ಸುಮಾರು ಮೂರು ಸಲ ಅಲೆಯಂತೆ ಎದ್ದು ಮುಷ್ಟಿಯನ್ನು ಹೊರಗೆ ತಳ್ಳಬೇಕು. ನನ್ನ ಕೈಗೆ ಏನೂ ತಾಗಲಿಲ್ಲ. ಒಳಗೆ ನೀರು ತುಂಬಿದ ಚೀಲ ಕುಲುಕಿದಂತೆ ಬರೀ ಒಂದು ಗುಳುಗುಳು.

"ಮನೇಲಿ ಏನಾದ್ರೂ ಕಾರ್ಯ ಇತ್ತಾ ಅಮ್ಮಾ?"

ಆಕೆ ಒಂದು ಕ್ಷಣ ಸುಮ್ಮನಾದರು. "ಪಕ್ಕದ ಮನೇಲಿ ಗೃಹಪ್ರವೇಶ. ಅನ್ನ ಬಾಳ ಮಿಕ್ಕಿತ್ತು. ತಿಪ್ಪೆಗೆ ಚೆಲ್ಲೋಕೆ ಮನಸ್ಸಾಗಲಿಲ್ಲ, ಒಂದು ಬಕೆಟ್ ತಂದು ಬಾನೀಲಿ ಹಾಕ್ದೆ."

ಮದುವೆ, ತಿಥಿ, ಹಬ್ಬಗಳ ಮಾರನೆಯ ದಿನ ದನದಾಸ್ಪತ್ರೆಗೆ ಇಂಥ ಹಸುಗಳು ಬಂದೇ ಬರುತ್ತವಂತೆ. ಹಸುವಿನ ದೊಡ್ಡ ಹೊಟ್ಟೆಯಲ್ಲಿ ಹುಲ್ಲನ್ನು ನಿಧಾನವಾಗಿ ಕೊಳೆಸಿ ಆಹಾರ ಮಾಡಿಕೊಡುವ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಅನ್ನ, ಹಿಟ್ಟು, ಮುದ್ದೆ ಒಮ್ಮೆಲೇ ಬಿದ್ದರೆ ಅದು ಗಂಟೆಗಳಲ್ಲಿ ಹುದುಗಿ ಆಮ್ಲವಾಗುತ್ತದೆ, ಒಳ್ಳೆಯ ಜೀವಿಗಳು ಸಾಯುತ್ತವೆ, ಮೈಯ ನೀರೆಲ್ಲ ಹೊಟ್ಟೆಗೆ ಇಳಿಯುತ್ತದೆ. ಡಾಕ್ಟರು ರಿಜಿಸ್ಟರಿನಲ್ಲಿ ಆಸಿಡೋಸಿಸ್ ಎಂದು ಬರೆದರು. ಬಾಯಲ್ಲಿ ಹೇಳಿದ್ದು ಮಾತ್ರ "ಹೊಟ್ಟೆ ಹುಳಿ ಬಂದಿದೆ" ಎಂದು.

"ದೋಸೆ ಹಿಟ್ಟು ಉಕ್ಕಿ ಬಂದಂಗಾ?"

"ಹಂಗೇ ಅಮ್ಮಾ. ಬೇಸಿಗೇಲಿ ಹಿಟ್ಟು ಪಾತ್ರೆ ಬಿಟ್ಟು ಹೊರಗೆ ಬರುತ್ತಲ್ಲ, ಹಂಗೆ."

ಆಕೆ ಕೈಯನ್ನು ಹಸುವಿನ ಬೆನ್ನ ಮೇಲಿಟ್ಟು ಅಯ್ಯೋ ಎಂದರು. ಅನ್ನ ಚೆಲ್ಲಬಾರದೆಂಬ ಅವರ ಮನಸ್ಸು ತಪ್ಪಲ್ಲ. ಆದರೆ ಇನ್ನು ಮುಂದೆ ಬಕೆಟ್ಟು ತರುವಾಗ ಅವರಿಗೆ ದೋಸೆ ಹಿಟ್ಟು ನೆನಪಾಗುತ್ತದೆ. ಆಸಿಡೋಸಿಸ್ ಎಂಬ ಮಾತು ಆ ಕೆಲಸ ಮಾಡುತ್ತಿರಲಿಲ್ಲ. ಡಾಕ್ಟರು ನಾಳಕ್ಕೆ ಔಷಧ ಕೊಟ್ಟು, ಅಡುಗೆ ಸೋಡಾ ನೀರಿಗೆ ಕಲಸಿ ಕುಡಿಸುವ ಬಗೆ ಹೇಳಿದರು. ಎರಡು ದಿನ ಒಣಹುಲ್ಲು ಬಿಟ್ಟು ಬೇರೇನೂ ಬೇಡ ಎಂದರು. ಕುಡಿಸುವಾಗ ನಾಲಿಗೆ ಹಿಡಿದು ಎಳೆಯಬಾರದು, ತಲೆ ಮೇಲೆತ್ತಬಾರದು, ಔಷಧ ಶ್ವಾಸಕೋಶಕ್ಕೆ ಹೋದರೆ ರೋಗಕ್ಕಿಂತ ಅದೇ ಕೊಲ್ಲುತ್ತದೆ ಎಂದು ಎರಡು ಸಲ ಹೇಳಿದರು.

ಜಗಲಿಯ ಗೋಡೆಯ ಮೇಲೆ ಲಸಿಕೆಗಳ ಪಟ್ಟಿ ಬರೆಸಿದ್ದಾರೆ. ಕಾಲುಬಾಯಿ ಜ್ವರ, ಗಳಲೆ ರೋಗ, ಚಪ್ಪೆ ರೋಗ, ಕಂದು ರೋಗ, ಚರ್ಮಗಂಟು ರೋಗ. ಆಡು ಕುರಿಗಳಿಗೆ ಹಿರೇಬೇನೆ, ಕರುಳುಬೇನೆ. ಅದರ ಕೆಳಗೆ ಬೆಂಚಿನ ಮೇಲೆ ಕೂತ ಹಿರಿಯರೊಬ್ಬರನ್ನು ಮಾತಿಗೆಳೆದೆ. ಎಪ್ಪತ್ತೈದು ದಾಟಿದವರು, ಎರಡು ಮೇಕೆ ಹಿಡಿದು ಬಂದಿದ್ದರು. ಅವರು ಪಟ್ಟಿಯನ್ನು ಓದಲಿಲ್ಲ, ನನಗೆ ಒಂದೊಂದಾಗಿ ಹೆಸರು ಓದಲು ಹೇಳಿ ತಾವು ಅರ್ಥ ಹೇಳಿದರು.

ಚಪ್ಪೆ ಎಂದರೆ ಸೊಂಟದ ಕೆಳಗಿನ ದಪ್ಪ ಮಾಂಸದ ಜಾಗ. ಆರು ತಿಂಗಳಿಂದ ಎರಡು ವರ್ಷದೊಳಗಿನ ಮೈದುಂಬಿದ ಕರುಗಳಿಗೆ ಮಳೆಗಾಲದ ಆರಂಭದಲ್ಲಿ ಬರುವ ರೋಗ. ಕರು ಇದ್ದಕ್ಕಿದ್ದಂತೆ ಕುಂಟುತ್ತದೆ, ಚಪ್ಪೆ ಊದುತ್ತದೆ, ಒತ್ತಿದರೆ ಚರಚರ ಎನ್ನುತ್ತದೆ. ಮಾಂಸದೊಳಗೆ ಗಾಳಿ ಕಟ್ಟಿಕೊಂಡ ಸದ್ದು ಅದು. "ಆ ಸದ್ದು ಕೇಳಿಸ್ತು ಅಂದ್ರೆ ಮುಗೀತು ಕಣಪ್ಪ" ಎಂದರು ಹಿರಿಯರು. ಗಳಲೆಯಲ್ಲಿ ಗಂಟಲು ಊದಿ ಗೊರಗೊರ ಉಸಿರು. ಎರಡೂ ದಿನದೊಳಗೆ, ಕೆಲವೊಮ್ಮೆ ಗಂಟೆಗಳೊಳಗೆ ಕೊಲ್ಲುವಂಥವು. ಎರಡಕ್ಕೂ ಮಳೆ ಬಿರುಸಾಗುವ ಮುಂಚೆ ಲಸಿಕೆ ಹಾಕಿಸುವುದೇ ದಾರಿ. ಹೆಸರಲ್ಲೇ ಊದುವ ಜಾಗ ಇದೆ, ಹೆಸರಿಟ್ಟವರು ಕೈಯಾರೆ ಮುಟ್ಟಿ ನೋಡಿ ಇಟ್ಟ ಹೆಸರುಗಳಿವು.

ಪಟ್ಟಿಯಲ್ಲಿ ಕಂದು ರೋಗದ ಸರದಿ ಬಂದಾಗ ಪಕ್ಕದಲ್ಲಿದ್ದ ಕಾಲೇಜು ಹುಡುಗನೊಬ್ಬ, "ಮೈ ಕಂದು ಬಣ್ಣಕ್ಕೆ ತಿರುಗುತ್ತಾ ಸಾರ್?" ಎಂದು ಕೇಳಿದ. ಹಿರಿಯರು ಅಲ್ಲವೆಂದು ತಲೆ ಆಡಿಸಿದರು. ದಿನ ತುಂಬುವ ಮೊದಲೇ ಹಸು ಕರು ಬೀಳಿಸುವುದಕ್ಕೆ ಕಂದು ಹಾಕುವುದು ಎನ್ನುತ್ತಾರೆ. ಗಬ್ಬದ ಏಳು, ಎಂಟನೆಯ ತಿಂಗಳಲ್ಲಿ ಕಂದು ಹಾಕಿಸುವ ರೋಗ, ಅದಕ್ಕೆ ಕಂದು ರೋಗ. ಹುಡುಗನಿಗೆ ಆ ಮಾತು ಗೊತ್ತಿರಲಿಲ್ಲ. ಅವನ ಮನೆಯಲ್ಲಿ ಮೂರು ಹಸುಗಳಿವೆ, ಹಾಲು ಕರೆಯುವವನೂ ಅವನೇ. ನನಗೆ ಇದು ಸಣ್ಣ ಸಂಗತಿ ಅನ್ನಿಸಲಿಲ್ಲ. ಈ ರೋಗ ಮನುಷ್ಯರಿಗೂ ಬರುತ್ತದೆ. ಕಂದು ಹಾಕಿದ ಹಸುವಿನ ಸತ್ತೆಯನ್ನು, ಅಂದರೆ ಮಾಸನ್ನು, ಬರಿಗೈಯಲ್ಲಿ ಎತ್ತಿದವರಿಗೆ, ಕಾಯಿಸದ ಹಾಲು ಕುಡಿದವರಿಗೆ ತಗಲುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ಕೀಲುನೋವು, ಕಾರಣ ತಿಳಿಯದೆ ತಿಂಗಳುಗಟ್ಟಲೆ ನರಳುವುದು. ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ ಒಂದೇ ಒಂದು ಸಲ ಲಸಿಕೆ ಹಾಕಿಸಿದರೆ ಸಾಕು. ಆ ನಾಲ್ಕು ತಿಂಗಳ ಅವಧಿ ತಪ್ಪಿದರೆ ತಪ್ಪಿದಂತೆ. ಮಾತು ತಿಳಿಯದಿದ್ದರೆ ಅವಧಿಯೂ ತಪ್ಪುತ್ತದೆ.

ಪಟ್ಟಿಯಲ್ಲಿ ಇಲ್ಲದ ಒಂದು ಹೆಸರನ್ನು ಹಿರಿಯರೇ ಹೇಳಿದರು. ದೊಡ್ಡರೋಗ. ಅವರ ಚಿಕ್ಕಂದಿನಲ್ಲಿ ಅದು ಬಂದ ಊರಿನಲ್ಲಿ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾಗುತ್ತಿತ್ತಂತೆ. ಆ ರೋಗ ಈಗ ಭೂಮಿಯ ಮೇಲೆಲ್ಲೂ ಇಲ್ಲ. 2006ರಲ್ಲಿ ಭಾರತ ಅದರಿಂದ ಮುಕ್ತವೆಂದು ಗುರುತಾಯಿತು. 2011ರಲ್ಲಿ ಜಗತ್ತೇ ಮುಕ್ತವೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಘೋಷಿಸಿತು. ಮನುಷ್ಯರ ಸಿಡುಬಿನ ನಂತರ ಹೀಗೆ ಬುಡಸಮೇತ ಹೋದ ಎರಡನೆಯ ರೋಗ ಇದು. ಇದನ್ನು ಹೇಳಿದಾಗ ಹಿರಿಯರು "ಎಲ್ಲೂ ಇಲ್ವಾ?" ಎಂದು ಮತ್ತೆ ಕೇಳಿದರು. ಎಲ್ಲೂ ಇಲ್ಲ ಎಂದೆ. ಸ್ವಲ್ಪ ಹೊತ್ತು ಮೇಕೆಯ ಕಿವಿ ಸವರುತ್ತ ಕೂತರು.

ಒಳಕೋಣೆಯಲ್ಲಿ ಲಸಿಕೆಯ ಫ್ರಿಡ್ಜ್. ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಬೆಳಿಗ್ಗೆ ಸಂಜೆಯ ಉಷ್ಣಾಂಶ ಬರೆದಿದ್ದಾರೆ. 2ರಿಂದ 8 ಡಿಗ್ರಿಯೊಳಗೆ ಇರಬೇಕು. ಬಿಸಿಯಾದರೆ ಕೆಡುತ್ತದೆಂದು ಎಲ್ಲರಿಗೂ ಗೊತ್ತು. ಕಾಲುಬಾಯಿ ಲಸಿಕೆ ಹೆಪ್ಪುಗಟ್ಟಿದರೂ ಕೆಡುತ್ತದೆಂಬುದು ಅನೇಕರಿಗೆ ಗೊತ್ತಿಲ್ಲ. ಕರಗಿಸಿದರೆ ನೋಡಲು ಮೊದಲಿನಂತೆಯೇ ಕಾಣುತ್ತದೆ, ಒಳಗೆ ಸತ್ವ ಇರುವುದಿಲ್ಲ. ಕರೆಂಟ್ ಹೋದ ರಾತ್ರಿಗಳಲ್ಲಿ ಇಲ್ಲಿನ ಸಿಬ್ಬಂದಿ ಫ್ರಿಡ್ಜಿನ ಬಾಗಿಲು ಯಾರೂ ತೆಗೆಯದಂತೆ ಕಾಯುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಆರಂಭವಾದದ್ದು ಆ ದೊಡ್ಡರೋಗಕ್ಕೆ ಸೀರಂ ತಯಾರಿಸಲೆಂದು. ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಾಗಿ ಅದು ಇಂದಿಗೂ ಚಪ್ಪೆ, ಗಳಲೆ, ಕರುಳುಬೇನೆಗಳ ಲಸಿಕೆ ಮಾಡುತ್ತದೆ. ನೂರು ವರ್ಷದ ಆ ಕೆಲಸ ಕೊನೆಗೆ ಬಂದು ನಿಲ್ಲುವುದು ಹೋಬಳಿಯ ಈ ಫ್ರಿಡ್ಜಿನಲ್ಲಿ, ಈ ಹಾಳೆಯ ಮೇಲಿನ ಪೆನ್ಸಿಲ್ ಅಂಕಿಗಳಲ್ಲಿ.

ಹತ್ತು ಗಂಟೆಗೆ ಐಸ್ ಬಾಕ್ಸಿನಲ್ಲಿ ಲಸಿಕೆ ತುಂಬಿಕೊಂಡು ಪಕ್ಕದ ಹಳ್ಳಿಗೆ ಹೊರಟೆವು. ಕಾಲುಬಾಯಿ ಜ್ವರದ ಸುತ್ತು ನಡೆದಿತ್ತು. 2019ರ ಸೆಪ್ಟೆಂಬರಿನಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಂತೆ ಆರು ತಿಂಗಳಿಗೊಮ್ಮೆ ಪ್ರತಿ ದನಕ್ಕೂ, ಎಮ್ಮೆಗೂ ಹಾಕಬೇಕು. ಕರುವಿಗೆ ನಾಲ್ಕು ತಿಂಗಳಾದಾಗ ಮೊದಲನೆಯದು, ತಿಂಗಳ ನಂತರ ಇನ್ನೊಂದು, ಆಮೇಲೆ ಆರಾರು ತಿಂಗಳಿಗೆ. ಮುಂದೆ ದನ ಸಾಕುವವರಿಗೂ ಆಸ್ಪತ್ರೆಗೂ ನಡುವೆ ಓಡಾಡುವ ಪಶುಸಖಿ, ಊರಿನದೇ ಸೊಸೆ. ಯಾರ ಮನೆಯಲ್ಲಿ ಎಷ್ಟು ದನ, ಯಾವುದು ಒದೆಯುತ್ತದೆ, ಯಾವುದು ಗಬ್ಬ, ಎಲ್ಲ ಆಕೆಯ ಬಾಯಲ್ಲಿತ್ತು. ಹಿಂದೆ ಲಸಿಕೆ ಹಾಕುವವರು, ಕಿವಿಯ ಹಳದಿ ಬಿಲ್ಲೆಯ ಹನ್ನೆರಡು ಅಂಕಿ ನೋಡಿ ಮೊಬೈಲಿಗೆ ಏರಿಸುವ ಹುಡುಗ. ಕೊರಳಿನ ಮಾಂಸಕ್ಕೆ 2 ಮಿಲಿಲೀಟರ್. ಹಸು ಮೈ ಜಾಡಿಸುವಷ್ಟರಲ್ಲಿ ಮುಗಿದಿರುತ್ತದೆ.

ಐದನೆಯ ಮನೆಯಲ್ಲಿ ಬಾಗಿಲಲ್ಲೇ ತಡೆದರು. "ಬೇಡ ಡಾಕ್ಟ್ರಮ್ಮ. ಹೋದ ಸಲ ಹಾಕಿಸ್ದಾಗ ಎರಡು ದಿನ ಹಾಲು ಇಳೀತು. ಡೇರಿಗೆ ಏನ್ ಹಾಕನ?"

ಅವರ ಮಾತು ಸುಳ್ಳಲ್ಲ. ಲಸಿಕೆಯ ನಂತರ ಒಂದೆರಡು ದಿನ ಮೈ ಬಿಸಿಯಾಗಿ ಹಾಲು ಸ್ವಲ್ಪ ಇಳಿಯುವುದುಂಟು, ಸೂಜಿಯ ಜಾಗದಲ್ಲಿ ಗಂಟು ನಿಲ್ಲುವುದೂ ಉಂಟು. ಡಾಕ್ಟರು ಅದನ್ನು ಅಲ್ಲಗಳೆಯಲಿಲ್ಲ, ಅದು ನನಗೆ ಮೆಚ್ಚುಗೆಯಾಯಿತು. "ಇಳಿಯುತ್ತೆ ಯಜಮಾನ್ರೇ, ಎರಡು ದಿನ. 2013ರಲ್ಲಿ ಏನಾಯ್ತು ಅಂತ ನೀವೇ ಹೇಳಿ."

ಆ ವರ್ಷ ಮಂಡ್ಯ, ರಾಮನಗರ, ಕೋಲಾರದ ಕಡೆಯೆಲ್ಲ ಕಾಲುಬಾಯಿ ಜ್ವರ ಬೆಂಕಿಯಂತೆ ಹಬ್ಬಿ ರಾಜ್ಯದಲ್ಲಿ ಸಾವಿರಾರು ದನ ಸತ್ತವು. ಯಜಮಾನರು ಕಂಬಕ್ಕೆ ಒರಗಿದರು. ಬಾಯಿಂದ ಹಗ್ಗದಂತೆ ಜೊಲ್ಲು, ನಾಲಿಗೆಯ ಸಿಪ್ಪೆ ಸುಲಿದು ಕೈಗೆ ಬಂದದ್ದು, ಗೊರಸಿನ ಸಂದಿಯಲ್ಲಿ ಹುಳ, ಇದನ್ನೆಲ್ಲ ಅವರ ಹೆಂಡತಿ ಒಳಗಿನಿಂದಲೇ ಹೇಳಿದರು. ಉಳಿದ ಹಸು ಆಮೇಲೂ ಸರಿಹೋಗಲಿಲ್ಲ, ಬಿಸಿಲಿಗೆ ತೇಕುತ್ತ ನಿಲ್ಲುತ್ತಿತ್ತು, ಗಬ್ಬ ನಿಲ್ಲಲಿಲ್ಲ. ಕರು ಹಾಲು ಕುಡಿಯುತ್ತ ಕುಡಿಯುತ್ತಲೇ ಬಿದ್ದು ಸತ್ತಿತು. ರೋಗದ ವೈರಸ್ಸು ಎಳೆಗರುವಿನ ಹೃದಯಕ್ಕೇ ಹೊಡೆಯುತ್ತದೆ. ಹಾಗಾಗಿ ಕಾಯಿಲೆ ಬಿದ್ದ ತಾಯಿಯ ಹಾಲನ್ನು ಕರುವಿಗೆ ಬಿಡಬಾರದು.

"ನಿಮ್ಮನೆ ಹಸು ಒಂದೇ ಆದ್ರೆ ನಾನು ಹೋಗ್ತೀನಿ" ಎಂದರು ಡಾಕ್ಟರು. "ನಿಮ್ಮದು ಬಿಟ್ರೆ ಪಕ್ಕದ್ದಕ್ಕೆ ದಾರಿ ಆಗುತ್ತೆ. ಗಾಳೀಲಿ ಬರುತ್ತೆ, ಹಾಲಿನ ಕ್ಯಾನಲ್ಲಿ ಬರುತ್ತೆ, ನಿಮ್ಮ ಕಾಲಿನ ಸೆಗಣೀಲಿ ಬರುತ್ತೆ." ಹೆಂಡತಿಯೇ ಹಸುವಿನ ಹಗ್ಗ ಬಿಚ್ಚಿ ತಂದರು.

ದಾರಿಯಲ್ಲಿ ಡಾಕ್ಟರು ಇನ್ನೆರಡು ಸಂಗತಿ ಹೇಳಿದರು, ಎರಡೂ ಜೀವದ ಮೇಲೆ ಬರುವಂಥವು. ಹಸು ಇದ್ದಕ್ಕಿದ್ದಂತೆ ಸತ್ತು, ಮೂಗು ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದು ನೆರಡಿ, ಅಂದರೆ ಆಂಥ್ರಾಕ್ಸ್, ಇರಬಹುದು. ಕೊಯ್ಯಬಾರದು, ಚರ್ಮ ಸುಲಿಯಬಾರದು. ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಬೇಕು. ಗಾಳಿ ತಾಗಿದರೆ ಅದರ ಬೀಜಾಣು ಆ ನೆಲದಲ್ಲಿ ದಶಕಗಟ್ಟಲೆ ಬದುಕುತ್ತದೆ. ಇನ್ನೊಂದು, ಹಸು ಜೊಲ್ಲು ಸುರಿಸುತ್ತ ನುಂಗಲಾರದೆ ಒದ್ದಾಡುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಬಾಯೊಳಗೆ ಕೈ ಹಾಕಬಾರದು. ಅದು ಹುಚ್ಚುನಾಯಿ ಕಚ್ಚಿದ ಹಸುವಾಗಿರಬಹುದು.

ಮಧ್ಯಾಹ್ನ ಪಶುಸಖಿಯ ಮನೆಯ ಕೊಟ್ಟಿಗೆಯಲ್ಲಿ ಕೂತೆವು. ಆಕೆಗೆ ಎರಡು ಹಸು. ಕೆಂದ ಬಣ್ಣದ್ದು ದಿನಕ್ಕೆ 10 ಲೀಟರ್ ಕೊಡುತ್ತದೆ. "ಫೀಡ್ಸ್ ಎಷ್ಟು ಹಾಕಿದ್ರೂ ಹಾಲು ಏರ್ತಿಲ್ಲ ಮೇಡಂ" ಎಂದರು ಆಕೆಯ ಅತ್ತೆ. ಡಾಕ್ಟರು ಗೊಂತಿನ ಮುಂದೆ ಕೂತು ಒಂದು ಮಣೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದರು. ಆ ಲೆಕ್ಕವನ್ನು ಇಲ್ಲಿ ಇಡುತ್ತೇನೆ, ಏಕೆಂದರೆ ಮೇವಿನ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇಷ್ಟು ನೇರವಾದದ್ದು ಬೇರೆ ಇಲ್ಲ.

ಹಸುವಿನ ತೂಕ ಸುಮಾರು 400 ಕೆ.ಜಿ. ಹಾಲು ಕೊಡುವ ಹಸುವಿಗೆ ನೂರು ಕೆ.ಜಿ. ತೂಕಕ್ಕೆ ಮೂರು ಕೆ.ಜಿ.ಯಷ್ಟು ಒಣಪದಾರ್ಥ ಬೇಕು. ಅಂದರೆ ನೀರನ್ನು ಕಳೆದು ಉಳಿಯುವ ಮೇವು ದಿನಕ್ಕೆ 12 ಕೆ.ಜಿ. ಸೀಮೆಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ. ಹಾಗಾಗಿ 20 ಕೆ.ಜಿ. ಹಸಿಹುಲ್ಲು ಹಾಕಿದರೆ ಹೊಟ್ಟೆಗೆ ಸಿಗುವುದು 4 ಕೆ.ಜಿ. ರಾಗಿಹುಲ್ಲು 4 ಕೆ.ಜಿ. ಹಾಕಿದರೆ ಮೂರೂವರೆ ಚಿಲ್ಲರೆ. ಉಳಿದ ನಾಲ್ಕೂವರೆ ಕೆ.ಜಿ. ಒಣಪದಾರ್ಥಕ್ಕೆ 5 ಕೆ.ಜಿ. ಹಿಂಡಿ, ಬೂಸಾ, ಫೀಡ್ಸ್ ಸೇರಿಸಿ ಹಾಕಬೇಕು. ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ.ಯಂತೆ ನಾಲ್ಕು, ಮೈ ಉಳಿಸಿಕೊಳ್ಳಲು ಒಂದು. ಅತ್ತೆ ಹಾಕುತ್ತಿದ್ದುದು ಏಳು ಕೆ.ಜಿ. ಫೀಡ್ಸ್, ಎರಡು ಹಿಡಿ ಒಣಹುಲ್ಲು.

"ಮೆಲುಕು ಹಾಕೋಕೆ ನಾರು ಬೇಕಮ್ಮಾ. ಫೀಡ್ಸನ್ನ ಮೆಲುಕು ಹಾಕಕ್ಕಾಗಲ್ಲ. ಎರಡು ಕೆ.ಜಿ. ಇಳಿಸಿ, ಆ ದುಡ್ಡಲ್ಲಿ ಹುಲ್ಲು ಕತ್ತರಿಸೋ ಮಿಷನ್ ತನ್ನಿ."

ಗೋಡೆಯ ಮೊಳೆಗೆ ಖನಿಜ ಮಿಶ್ರಣದ ಪೊಟ್ಟಣ ನೇತುಬಿದ್ದಿತ್ತು. ಬಾಯಿ ತೆರೆದು ಗಟ್ಟಿಯಾಗಿ ಕಲ್ಲಾಗಿತ್ತು. ದಿನಕ್ಕೆ 50 ಗ್ರಾಂ ಹಿಂಡಿಯ ಜೊತೆ ಹೋಗಬೇಕಾದದ್ದು. ಆ ಎರಡನೆಯ ಹಸು ನಾವು ಮಾತಾಡುತ್ತಿದ್ದಾಗಲೇ ಗೋಡೆ ನೆಕ್ಕುತ್ತಿತ್ತು, ನಡುವೆ ಒಣಗಹಾಕಿದ ಬಟ್ಟೆಯ ಚುಂಗು ಬಾಯಿಗೆ ಎಳೆದುಕೊಂಡಿತು. ಮೂರು ಸಲ ಬೆದೆಗೆ ಬಂದರೂ ಗಬ್ಬ ನಿಂತಿಲ್ಲ. ಡಾಕ್ಟರು ಏನೂ ಹೇಳದೆ ಪೊಟ್ಟಣವನ್ನು ನೋಡಿದರು, ಹಸುವನ್ನು ನೋಡಿದರು. ಅತ್ತೆಯೇ "ಅದ್ಕೆ ಅಂತೀರಾ?" ಎಂದರು. ಅದೊಂದೇ ಕಾರಣವಲ್ಲದಿರಬಹುದು, ಜಂತುಹುಳುವಿನ ಔಷಧವೂ ಬಹಳ ದಿನದಿಂದ ಕುಡಿಸಿರಲಿಲ್ಲ. ನೀರಿನ ಬಾನಿ ಬೆಳಿಗ್ಗೆ ತುಂಬಿಸಿದ್ದು ಖಾಲಿಯಾಗಿತ್ತು. ಒಂದು ಲೀಟರ್ ಹಾಲಿಗೆ ಮೂರರಿಂದ ನಾಲ್ಕು ಲೀಟರ್ ನೀರು ಬೇಕು, ಮೈಗೆ ಬೇಕಾದದ್ದು ಅದರ ಮೇಲೆ. ಹಗಲಿಗೆ ಎರಡು ಸಲ ಕಲಗಚ್ಚು ಕುಡಿಸಿದರೆ ಆಗುವುದಿಲ್ಲ, ಬಾಯಿಗೆ ಸಿಗುವಂತೆ ಸದಾ ಇರಬೇಕು. ಈ ಮನೆಯಲ್ಲಿ ಒಂದು ಒಳ್ಳೆಯ ರೂಢಿಯನ್ನೂ ಕಂಡೆ. ಹಾಲು ಕರೆದ ಮೇಲೆಯೇ ಹುಲ್ಲು ಹಾಕುತ್ತಾರೆ. ಕರೆದ ನಂತರ ಸುಮಾರು ಅರ್ಧ ಗಂಟೆ ಮೊಲೆತೊಟ್ಟಿನ ಬಾಯಿ ತೆರೆದೇ ಇರುತ್ತದೆ. ಮೇಯುತ್ತ ನಿಂತ ಹಸು ಮಲಗುವುದಿಲ್ಲ, ಗಂಜಳ ಸೆಗಣಿಯ ನೆಲ ಕೆಚ್ಚಲಿಗೆ ತಾಗುವುದಿಲ್ಲ. ಕೆಚ್ಚಲುಬಾವು ಬರದಂತೆ ತಡೆಯಲು ಖರ್ಚಿಲ್ಲದ ದಾರಿ ಇದು.

ಊಟಕ್ಕೆ ಏಳುವ ಹೊತ್ತಿಗೆ ಡಾಕ್ಟರಿಗೆ ಫೋನು ಬಂತು. ಊರಾಚೆಯ ತೋಟದ ಮನೆ. ನಾಲ್ಕನೆಯ ಸೂಲು, ನಿನ್ನೆ ರಾತ್ರಿ ಕರು ಹಾಕಿದೆ, ಬೆಳಿಗ್ಗೆಯಿಂದ ಎದ್ದಿಲ್ಲ. ಬೈಕಿನ ಹಿಂದೆ ಕೂತು ಹೋದೆ.

ಕೊಟ್ಟಿಗೆಯೊಳಗೆ ಹೆಜ್ಜೆ ಇಟ್ಟವನು ಅಲ್ಲೇ ನಿಂತೆ. ಹಸು ಎದೆಯ ಮೇಲೆ ಕುಕ್ಕರಿಸಿ, ಕೊರಳನ್ನು ಪಕ್ಕಕ್ಕೆ ತಿರುಗಿಸಿ, ಮೂತಿಯನ್ನು ತನ್ನದೇ ಪಕ್ಕೆಗೆ ಒತ್ತಿಕೊಂಡು ಮಲಗಿತ್ತು. ಮೈಮೇಲೆ ಎರಡು ಗೋಣಿತಾಟು ಹೊದಿಸಿದ್ದರು. ಇದೇ ಭಂಗಿ, ಇದೇ ಗೋಣಿತಾಟು. ಮೂವತ್ತು ವರ್ಷದ ಹಿಂದೆ ನಮ್ಮ ಮನೆಯ ಗೌರಿ ಕರು ಹಾಕಿದ ಮಾರನೆಯ ಸಂಜೆ ಹೀಗೇ ಮಲಗಿತ್ತು. ತಿಳಿದವರೊಬ್ಬರು ಬಂದು ನೋಡಿ ಹಾಲುಜ್ವರ ಎಂದರು. ಹೆಸರು ಸರಿಯಾಗಿಯೇ ಇತ್ತು. ಜ್ವರ ಎಂದ ಮೇಲೆ ನಮಗೆ ಗೊತ್ತಿದ್ದುದು ಹೊದಿಸುವುದು, ಜ್ವರದ ಮಾತ್ರೆ ಬೆಲ್ಲದಲ್ಲಿ ಕೊಡುವುದು, ಬೆಳಗಾಗಲೆಂದು ಕಾಯುವುದು. ಅಮ್ಮ ರಾತ್ರಿಯಿಡೀ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಮೈ ಎಷ್ಟು ತಣ್ಣಗಿದೆ ನೋಡೋ" ಎಂದು ನನ್ನ ಕೈ ಹಿಡಿದು ಅದರ ಕಿವಿಗೆ ಮುಟ್ಟಿಸಿದ್ದು ನೆನಪಿದೆ. ತಣ್ಣಗಿರುವ ಮೈಗೆ ಜ್ವರ ಹೇಗೆ ಎಂದು ಯಾರಿಗೂ ಹೊಳೆಯಲಿಲ್ಲ. ಬೆಳಕು ಹರಿಯುವ ಮೊದಲೇ ಅದು ಹೋಯಿತು. ನಾನು ದನದಾಸ್ಪತ್ರೆಗೆ ಮಾತು ಕೇಳಲು ಹೋದದ್ದು ಇದಕ್ಕೇ.

ಹಾಲುಜ್ವರದಲ್ಲಿ ಜ್ವರ ಇರುವುದಿಲ್ಲ. ಕರು ಹಾಕಿದ ಎರಡು ಮೂರು ದಿನದೊಳಗೆ ಕೆಚ್ಚಲಿಗೆ ಹಾಲು ಒಮ್ಮೆಲೇ ಇಳಿಯುತ್ತದೆ. ಹಾಲಿನ ಜೊತೆ ರಕ್ತದ ಸುಣ್ಣದಂಶವೂ ಇಳಿದುಹೋಗುತ್ತದೆ. ಸುಣ್ಣದಂಶವಿಲ್ಲದೆ ಮಾಂಸಖಂಡ ಕೆಲಸ ಮಾಡುವುದಿಲ್ಲ. ಕಾಲು ಸೋಲುತ್ತದೆ, ಹೊಟ್ಟೆ ನಿಲ್ಲುತ್ತದೆ, ಕೊನೆಗೆ ಹೃದಯ. ಮೈ ಬಿಸಿ ಏರುವುದಿಲ್ಲ, ಇಳಿಯುತ್ತದೆ. ಹೆಚ್ಚು ಹಾಲಿನ ಹಸುಗಳಿಗೆ, ಮೂರನೆಯ ಸೂಲಿನ ನಂತರ ಇದು ಹೆಚ್ಚು.

ಡಾಕ್ಟರು ಗೋಣಿ ಸರಿಸಿ ಕಿವಿ ಮುಟ್ಟಿದರು. ಕ್ಯಾಲ್ಸಿಯಂ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿ, ಕೊರಳ ನಾಳಕ್ಕೆ ಸೂಜಿ ಏರಿಸಿ, ಬಾಟಲಿಯನ್ನು ನನ್ನ ಕೈಗೆ ಕೊಟ್ಟರು. "ಎತ್ತರ ಮಾಡಬೇಡಿ. ಜೋರಾಗಿ ಹೋದ್ರೆ ಹೃದಯ ನಿಲ್ಲುತ್ತೆ." ತಾವು ಸ್ಟೆತಾಸ್ಕೋಪನ್ನು ಎದೆಗೆ ಒತ್ತಿ ಬಡಿತ ಎಣಿಸುತ್ತ ಕೂತರು. ಬಾಟಲಿಯಲ್ಲಿ ಗುಳ್ಳೆಗಳು ಒಂದೊಂದಾಗಿ ಏರಿದವು. ಮನೆಯ ಅಜ್ಜಿ ಕಂಬ ಹಿಡಿದು ನಿಂತಿದ್ದರು.

ಅರ್ಧ ಬಾಟಲಿ ಇಳಿದಾಗ ಹಸುವಿನ ಚಪ್ಪೆಯ ಚರ್ಮ ಸಣ್ಣಗೆ ನಡುಗಿತು. ಆಮೇಲೆ ಭುಜ. ಒಣಗಿದ ಮೂತಿಯ ಮೇಲೆ ಇಬ್ಬನಿಯಂತೆ ಬೆವರ ಹನಿ ಮೂಡಿತು. ಒಂದು ದೊಡ್ಡ ತೇಗು ಬಂತು, ಸೆಗಣಿ ಹಾಕಿತು. ಡಾಕ್ಟರು ಮೊದಲ ಬಾರಿಗೆ ನಕ್ಕರು. ಹಸು ಕೊರಳು ನೆಟ್ಟಗೆ ಮಾಡಿ ಸುತ್ತ ನೋಡಿತು, ಕರು ಕಂಡಿತು, ಹಿಂಗಾಲು ಎತ್ತಿ ಒಮ್ಮೆ ತೂರಾಡಿ ಎದ್ದು ನಿಂತಿತು. ನನ್ನ ಕೈಯಲ್ಲಿ ಖಾಲಿ ಬಾಟಲಿ ಇತ್ತು. ನಾನು ಸ್ವಲ್ಪ ಹೊತ್ತು ಅದನ್ನು ಕೆಳಗಿಡಲಿಲ್ಲ.

"ಕರು ಗಿಣ್ಣು ಕುಡೀತಾ ಅಜ್ಜಿ?"

"ಸತ್ತೆ ಬೀಳ್ಲಿ ಅಂತ ಕಾದ್ವಿ ಕಣವ್ವ. ಬೆಳಿಗ್ಗೆ ಕುಡಿಸಿದ್ವಿ."

ಕಾಯಬಾರದು ಎಂದರು ಡಾಕ್ಟರು. ಹಸುವಿನ ಹೊಟ್ಟೆಯಲ್ಲಿರುವಾಗ ಕರುವಿಗೆ ತಾಯಿಯ ರೋಗನಿರೋಧಕ ಶಕ್ತಿ ದಾಟುವುದಿಲ್ಲ, ಎಲ್ಲವೂ ಗಿಣ್ಣು ಹಾಲಿನಿಂದಲೇ ಬರಬೇಕು. ಅದನ್ನು ಹಾಗೆಯೇ ಒಳಗೆ ಬಿಟ್ಟುಕೊಳ್ಳುವ ಕರುಳಿನ ಬಾಗಿಲು ಗಂಟೆಗಂಟೆಗೂ ಮುಚ್ಚುತ್ತ ಒಂದು ದಿನದಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ. ಹುಟ್ಟಿದ ಅರ್ಧ, ಒಂದು ಗಂಟೆಯೊಳಗೆ ಮೊದಲ ಗಿಣ್ಣು, ದಿನದೊಳಗೆ ಕರುವಿನ ತೂಕದ ಹತ್ತನೇ ಒಂದು ಪಾಲು. ಸತ್ತೆಗೂ ಗಿಣ್ಣಿಗೂ ಸಂಬಂಧವಿಲ್ಲ, ಕರು ಮೊಲೆ ಚೀಪಿದರೆ ಸತ್ತೆ ಬೀಳಲು ಅನುಕೂಲವೇ. ಹಸುವಿನ ಹಾಲನ್ನು ಎರಡು ದಿನ ಪೂರ್ತಿ ಹಿಂಡಬೇಡಿ ಎಂದರು. ಗಬ್ಬದ ಕೊನೆಯ ವಾರಗಳಲ್ಲಿ ಕ್ಯಾಲ್ಸಿಯಂ ಅತಿಯಾಗಿ ಕುಡಿಸಬಾರದು ಎಂದಾಗ ಮನೆಯ ಮಗ ಒಪ್ಪಲಿಲ್ಲ, ಅವನು ಅದನ್ನೇ ಮಾಡಿದ್ದ. ಆಗ ಹೊರಗಿನಿಂದ ಧಾರಾಳ ಸಿಕ್ಕಿದರೆ ಮೈ ತನ್ನ ಎಲುಬಿನಿಂದ ಸುಣ್ಣದಂಶ ತೆಗೆಯುವುದನ್ನು ಮರೆಯುತ್ತದೆ, ಕರು ಹಾಕಿದ ದಿನ ಬೇಕೆಂದಾಗ ಕೈಗೆ ಸಿಗುವುದಿಲ್ಲ ಎಂದು ಮತ್ತೆ ಬಿಡಿಸಿ ಹೇಳಿದರು.

ಅಜ್ಜಿ ಇದನ್ನೆಲ್ಲ ಕೇಳುತ್ತ ಹಸುವಿನ ಕಿವಿಯನ್ನು ಎರಡು ಕೈಯಲ್ಲೂ ಹಿಡಿದಿದ್ದರು. "ಹಂಗಾದ್ರೆ ಇದು ಜ್ವರ ಅಲ್ಲ ಅನ್ನು."

"ಜ್ವರ ಅಲ್ಲ ಅಜ್ಜಿ. ಮೈಯ ಸುಣ್ಣ ಇಳಿದದ್ದು."

ನಾವು ಕೈ ತೊಳೆದು ಹೊರಡುವಾಗ ಬೇಲಿಯಾಚೆಯ ಮನೆಯವಳು ಏನಾಯ್ತು ಎಂದು ಕೂಗಿ ಕೇಳಿದಳು. ಅಜ್ಜಿ ಬೇಲಿಯ ಹತ್ತಿರ ಹೋದರು. "ಸುಣ್ಣ ಇಳಿದಿತ್ತು ಕಣೆ. ನಿಮ್ದೂ ಈ ತಿಂಗಳೇ ಅಲ್ವೇನೆ ಕರು ಹಾಕೋದು? ಕಿವಿ ಮುಟ್ಟಿ ನೋಡು ಮೊದ್ಲು. ತಣ್ಣಗಿದ್ರೆ ಗೋಣಿ ಹೊದಿಸಿ ಕೂರಬ್ಯಾಡ, ಫೋನ್ ಮಾಡು."